ಬೆಳಕಿನ ಬಲೆಯೂ ಸೋಡಿಯಂ-21ರ ಸಾಕ್ಷ್ಯವೂ

ಅಲ್ಪಾಯುಗಳಾದ ವಿಕಿರಣಶೀಲ ಪರಮಾಣುಗಳನ್ನು ಲೇಸರ್ ಕಿರಣಗಳಿಂದ ಸೆರೆಹಿಡಿದು ಪರೀಕ್ಷಿಸುವ ವಿಧಾನವನ್ನು ಪ್ರಶಂಸಿಸುವಾಗ, ಈ ಬಲೆಯು ಪರಮಾಣುವನ್ನು ಹಿಡಿಯುವುದೇ ಹೊರತು ಮುಟ್ಟುವುದಿಲ್ಲವೆಂದು ಹೇಳುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ಗ್ರಾಹ್ಯವೆಂಬುದನ್ನು ಅಮೆರಿಕದ ಬರ್ಕ್‌ಲಿಯಲ್ಲಿ ಫ್ರೀಡ್‌ಮನ್, ವೆಟರ್ ಮೊದಲಾದವರು ಸೋಡಿಯಂ-21ನ್ನು ಕುರಿತು 2004ರಲ್ಲಿಯೂ 2008ರಲ್ಲಿಯೂ ಪ್ರಕಟಿಸಿದ ಎರಡು ವರದಿಗಳಿಂದ ಪರಿಶೀಲಿಸಬಹುದು.

1987ರಲ್ಲಿ ಸಿದ್ಧಿಸಿದ ಈ ಉಪಾಯದ ತತ್ತ್ವವು ಸರಳವಾದುದು. ನಿರ್ವಾತ ಪಾತ್ರೆಯೊಳಕ್ಕೆ ಆರು ದಿಕ್ಕುಗಳಿಂದ ಲೇಸರ್ ಕಿರಣಗಳನ್ನು ಹಾಯಿಸುವರು. ಬೆಳಕಿನ ಆವರ್ತಸಂಖ್ಯೆಯನ್ನು ಪರಮಾಣುವಿಗೆ ಒಪ್ಪುವುದಕ್ಕಿಂತ ತುಸು ಕಡಮೆ ಇಡುವುದರಿಂದ, ಕಿರಣಕ್ಕೆ ಎದುರಾಗಿ ಬರುವ ಪರಮಾಣು ಅದನ್ನು ಹೆಚ್ಚಾಗಿ ಹೀರಿ ವೇಗವನ್ನು ಕಳೆದುಕೊಳ್ಳುತ್ತದೆ. ಕಾಂತಕ್ಷೇತ್ರದ ನೆರವಿನಿಂದ ಅದೇ ಬೆಳಕು ಪರಮಾಣುಗಳನ್ನು ನಡುವಿಗೆ ನೂಕುತ್ತದೆ.

ಸೋಡಿಯಂ-21ರ ಅರ್ಧಾಯು ಸುಮಾರು 22.5 ಸೆಕೆಂಡು. ಅದು ಪಾಸಿಟ್ರಾನನ್ನೂ ನ್ಯೂಟ್ರಿನೋವನ್ನೂ ಹೊರಚೆಲ್ಲಿ ನಿಯಾನ್-21 ಆಗುತ್ತದೆ. ನ್ಯೂಟ್ರಿನೋ ಈ ಉಪಕರಣಗಳ ಕೈಗೆ ಸಿಕ್ಕದು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವಂತೆ ನಿಯಾನ್ ಹಿಮ್ಮೆಟ್ಟುವ ವೇಗದಿಂದ ಅದರ ದಿಕ್ಕನ್ನು ತರ್ಕಿಸಬೇಕು. ಘನವಸ್ತುವಿನಲ್ಲಿ ಹುದುಗಿದ್ದರೆ ಆ ವೇಗವು ಒಡನೆಯೇ ಅಡಗಿಹೋಗುವುದು. ಬಲೆಯಲ್ಲಿ ಅದು ಉಳಿಯುವುದು. ಬಲೆಯ ನಿಜವಾದ ಮಹತ್ತ್ವವಿರುವುದು ಇಲ್ಲಿ.

2004ರ ವರದಿಯಲ್ಲಿ ಪಾಸಿಟ್ರಾನ್ ಮತ್ತು ನ್ಯೂಟ್ರಿನೋಗಳ ದಿಕ್ಕುಗಳ ಸಂಬಂಧವನ್ನು ಸೂಚಿಸುವ ಅಂಕವು 0.524 ಎಂದು ಬಂದಿತು. ಸಿದ್ಧಾಂತದ ನಿರೀಕ್ಷೆ 0.558. ಅಂತರವು ಅಲ್ಪವೆಂದು ತೋರಿದರೂ ಅಳತೆಯ ಅನಿಶ್ಚಯವನ್ನು ಸ್ಪಷ್ಟವಾಗಿ ಮೀರಿತ್ತು. ಇದು ದಿಟವಾಗಿದ್ದ ಪಕ್ಷದಲ್ಲಿ ಬೀಟಾ ಕ್ಷಯದ ಅಂಗೀಕೃತ ಸಿದ್ಧಾಂತವನ್ನೇ ತಿದ್ದಬೇಕಾಗುತ್ತಿತ್ತು. ಕೀರ್ತಿಗೆ ಆತುರಪಡುವವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಇವರಾದರೋ ಸೆರೆಸಿಕ್ಕ ಪರಮಾಣುಗಳ ಸಂಖ್ಯೆಯೊಡನೆ ಫಲವನ್ನು ಹೋಲಿಸಿ, ಸಂಖ್ಯೆಯು ಕಡಮೆಯಾದಂತೆ ಅದು ಸಿದ್ಧಾಂತದ ಕಡೆಗೆ ಸರಿಯುವುದನ್ನೂ ಅದೇ ವರದಿಯಲ್ಲಿ ನಮೂದಿಸಿದರು.

2008ರ ವರದಿಯು ಈ ಸಂಶಯವನ್ನು ಪರಿಹರಿಸಿತು. ಬಲೆಯೊಳಗೇ ಸೋಡಿಯಂ ಪರಮಾಣುಗಳು ಎರಡೆರಡಾಗಿ ಕೂಡಿ ಅಣುಗಳಾಗುತ್ತಿದ್ದುವು. ಅಂತಹ ಜೋಡಿಯಲ್ಲಿ ಒಂದು ಕ್ಷಯಿಸಿದಾಗ ನೆರೆಯ ಪರಮಾಣು ಅದರ ಹಿಮ್ಮೆಟ್ಟುವಿಕೆಯನ್ನು ಕೆಡಿಸುತ್ತಿತ್ತು. ಹೊಸ ಅಳತೆ 0.5502, ಆ ವೇಳೆಗೆ ಪರಿಷ್ಕೃತವಾದ ಸೈದ್ಧಾಂತಿಕ ಬೆಲೆ 0.553. ಇವೆರಡಕ್ಕೂ ವಿರೋಧವಿಲ್ಲ.

ಆದಕಾರಣ, ಬಲೆಯು ಮುಟ್ಟುವುದಿಲ್ಲವೆಂಬ ಮಾತನ್ನು ಅರ್ಧ ಮಾತ್ರ ಒಪ್ಪಬಹುದು. ಬಲೆಯು ತಾನು ಮುಟ್ಟದಿದ್ದರೂ, ಸೆರೆಯಾದವುಗಳು ಪರಸ್ಪರ ಮುಟ್ಟುವಂತೆ ಮಾಡುತ್ತದೆ. ಮೊದಲನೆಯ ವರದಿಯು ಎರಡನೆಯದರಿಂದ ನಿರಾಕೃತವಾಯಿತೆಂದು ತಳ್ಳಿಬಿಡುವುದೂ ಸರಿಯಲ್ಲ. ಎರಡನೆಯದಕ್ಕೆ ದಾರಿಯನ್ನು ತೋರಿಸಿದುದು ಅದರಲ್ಲಿಯ ಪ್ರಾಮಾಣಿಕತೆಯೇ. 0.524 ಎಂಬ ಅಂಕವನ್ನು ಮಾತ್ರ ಕಿತ್ತು ಉದ್ಧರಿಸುವವನು ಅದರ ಕರ್ತೃಗಳಿಗೆ ಅನ್ಯಾಯವನ್ನು ಮಾಡಿದಂತೆ. ಈ ಜಾತಿಯ ಪ್ರಯೋಗಗಳನ್ನು ನಡೆಸುವವರು ಸೆರೆಯ ಸಂಖ್ಯೆಯನ್ನು ಬದಲಿಸಿ ಬಂದ ಫಲಗಳನ್ನೂ ಕೊಡಬೇಕೆಂದು ಕೇಳುವುದು ವಿಮರ್ಶಕನ ಹಕ್ಕು. ಸಾಕ್ಷಿಯ ಮಾತನ್ನು ನಂಬುವುದಕ್ಕೆ ಮೊದಲು ಸಾಕ್ಷಿಯನ್ನು ಇರಿಸಿದ ಸೆರೆಮನೆಯನ್ನೂ ವಿಚಾರಿಸುವುದು ಯುಕ್ತ.