ಮೊಟ್ಟೆಯ ಕಥೆಯಲ್ಲಿ ಇಲ್ಲದ ಬಾಡಿಗೆ ಕೋಣೆ

‘ಫ್ಯಾಮಿಲಿಯಾ, ಬ್ಯಾಚುಲರಾ?’

ಮಂಗಳೂರಿನಲ್ಲಿ ಬಾಡಿಗೆ ಮನೆಗಾಗಿ ಅಲೆದವರಿಗೆಲ್ಲ ಈ ಪ್ರಶ್ನೆ ಗೊತ್ತು. ಇಪ್ಪತ್ತು ವರ್ಷಗಳ ಹಿಂದೆ ಮೊದಲ ನೌಕರಿಗೆಂದು ಘಟ್ಟ ಇಳಿದು ಬಂದಾಗ ನಮಗೂ ಅದು ಎದುರಾಯಿತು. ಬ್ಯಾಚುಲರ್ ಎಂದರೆ ಅರ್ಧ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಹೆಸರು ಕೇಳುತ್ತಿದ್ದರು, ಉಳಿದರ್ಧವೂ ಮುಚ್ಚುತ್ತಿತ್ತು. ಸರಿ, ನಮ್ಮವರ ಕೇರಿಗೇ ಹೋಗೋಣವೆಂದು ಹೋದರೆ ಅಲ್ಲಿ ಹೆಸರಿನ ತೊಂದರೆ ಇರಲಿಲ್ಲ. ಆದರೆ, ‘ಮದುವೆಯಾದ ಮೇಲೆ ಬನ್ನಿ, ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ’ ಎಂದರು. ಕೊನೆಗೆ ಬಂದರಿನ ಒಂದು ಗೋದಾಮಿನ ಮೇಲಂತಸ್ತಿನಲ್ಲಿ, ಗಲ್ಫ್ ವೀಸಾಕ್ಕೆ ಕಾಯುತ್ತಿದ್ದ ಮೂವರ ನಡುವೆ ಚಾಪೆ ಹಾಸಿಕೊಂಡೆವು. ಒಣಮೀನು ಮತ್ತು ಒಣಮೆಣಸಿನ ವಾಸನೆ ನಮ್ಮ ಅಂಗಿಯಿಂದ ಹೋಗಲು ನಿಕಾಹ್ ಆಗಬೇಕಾಯಿತು.

ಇದನ್ನೆಲ್ಲ ಈಗ ನೆನೆಯಲು ಕಾರಣ ಒಂದು ಸಿನಿಮಾ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ, 2017ರಲ್ಲಿ ತೆರೆಕಂಡ ‘ಒಂದು ಮೊಟ್ಟೆಯ ಕಥೆ’. ಇತ್ತೀಚೆಗೆ ಅದನ್ನು ಇನ್ನೊಮ್ಮೆ ನೋಡಿದೆವು. ಈ ಬಾರಿ ಪಕ್ಕದಲ್ಲಿ ಕುಳಿತಿದ್ದವಳು ನಮ್ಮ ಅಕ್ಕನ ಮಗಳು. ದೇರಳಕಟ್ಟೆಯ ಕಡೆ ನರ್ಸ್ ಕೆಲಸ, ಪಿ.ಜಿ.ಯಲ್ಲಿ ವಾಸ, ವಯಸ್ಸು ಇಪ್ಪತ್ತಾರು.

ಸಿನಿಮಾದ ಜನಾರ್ದನ ಇಪ್ಪತ್ತೆಂಟರ ಬೋಳುತಲೆಯ ಕನ್ನಡ ಉಪನ್ಯಾಸಕ, ರಾಜಕುಮಾರ್ ಅಭಿಮಾನಿ. ಅವನಿಗೆ ಹೆಣ್ಣು ಸಿಗುತ್ತಿಲ್ಲ. ಕಥೆ ಇಷ್ಟೇ. ಆದರೆ ಈ ಇಷ್ಟರಲ್ಲೇ ಕನ್ನಡ ಸಿನಿಮಾ ಎಷ್ಟೋ ಕಾಲದಿಂದ ಮಾಡದಿದ್ದ ಎರಡು ಕೆಲಸಗಳಾಗಿವೆ. ಒಂದು, ಮಂಗಳೂರು ಕನ್ನಡವನ್ನು ಹಾಸ್ಯಗಾರನ ಬಾಯಿಂದ ಬಿಡಿಸಿ ನಾಯಕನಿಗೆ ಕೊಟ್ಟದ್ದು. ಇನ್ನೊಂದು, ಬೆಂಗಳೂರೂ ಅಲ್ಲದ, ಹಳ್ಳಿಯೂ ಅಲ್ಲದ ಒಂದು ಊರಿನ ಅವಿವಾಹಿತನ ದಿನಚರಿಯನ್ನು ಸಾವಕಾಶವಾಗಿ ತೋರಿಸಿದ್ದು. ಮಹಾನಗರದಲ್ಲಿ ಒಂಟಿಯಾದವನನ್ನು ಯಾರೂ ನೋಡುವುದಿಲ್ಲ, ಅದೇ ಅವನ ದುಃಖ. ಮಂಗಳೂರಿನಂಥ ಊರಿನಲ್ಲಿ ಎಲ್ಲರೂ ನೋಡುತ್ತಾರೆ. ಸಂಬಂಧಿಕರು, ಸಹೋದ್ಯೋಗಿಗಳು, ಬೆನ್ನ ಹಿಂದೆ ನಗುವ ವಿದ್ಯಾರ್ಥಿಗಳು, ಎಲ್ಲರಿಗೂ ಅವನ ತಲೆಯೂ ಗೊತ್ತು, ಮದುವೆ ಆಗದ್ದೂ ಗೊತ್ತು. ಕಾಲೇಜಿನ ಅಟೆಂಡರ್ ಶ್ರೀನಿವಾಸನಾಗಿ ಪ್ರಕಾಶ್ ತೂಮಿನಾಡ್ ಮಾಡಿರುವ ಪಾತ್ರವಂತೂ ಈ ಊರಿನ ಚಹಾದಂಗಡಿಯಿಂದ ಎದ್ದು ಬಂದಂತಿದೆ. ಅವನು ಬಂದಾಗಲೆಲ್ಲ ಸಿನಿಮಾ ಉಸಿರಾಡುತ್ತದೆ.

ಕನ್ನಡದ ಒಂಟಿ ಗಂಡಸು ಹಿಂದೆಯೂ ಇದ್ದ, ಇಲ್ಲವೆಂದಲ್ಲ. ಆದರೆ ಅವನ ವಿಳಾಸ ಮುಂಬಯಿ. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಅಲ್ಲಿಯವನು. ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಲೋಕಲ್ ರೈಲು, ಖೋಲಿ, ಇರಾನಿ ಹೋಟೆಲುಗಳ ನಡುವೆ ಓಡಾಡುವ ಒಬ್ಬೊಂಟಿಗರೂ ಅಲ್ಲಿಯವರೇ. ಊರು ಬಿಟ್ಟವನಿಗೆ ಮಾತ್ರ ಒಂಟಿಯಾಗುವ ಹಕ್ಕಿದೆ ಎಂದು ನಮ್ಮ ಸಾಹಿತ್ಯ ನಂಬಿತ್ತೋ ಏನೋ. ಊರಿನಲ್ಲೇ ಇದ್ದವನಿಗೆ ಮದುವೆ ಆಗಿಬಿಡುತ್ತಿತ್ತು, ಕಥೆ ಆಮೇಲೆ ಶುರುವಾಗುತ್ತಿತ್ತು. (ಭಾಷೆಯ ಸ್ವಭಾವವೂ ನೋಡಿ. ಉರ್ದು ಶಾಲೆಯಲ್ಲಿ ನಾವು ಕಲಿತ ‘ತನ್ಹಾ’ ಎಂಬ ಶಬ್ದಕ್ಕೆ ಗಜಲಿನಲ್ಲಿ ಸಿಂಹಾಸನವಿದೆ. ಕನ್ನಡ ತರಗತಿಗೆ ಬಂದರೆ ಒಂಟಿ ಸೀನೂ ಅಪಶಕುನ!)

ಇಷ್ಟು ಮೆಚ್ಚಿಕೊಂಡ ಮೇಲೆ ತಕರಾರಿಗೆ ಬರಬೇಕು. ಅದನ್ನು ಎತ್ತಿದವಳು ನಾವಲ್ಲ, ಅಕ್ಕನ ಮಗಳು. ಫೇಸ್‌ಬುಕ್ಕಿನಲ್ಲಿ ಪರಿಚಯವಾದ ಸರಳಾ ಎಂಬ ದಪ್ಪಗಿನ ಹುಡುಗಿಯನ್ನು ಜನಾರ್ದನ ಭೇಟಿಯಾಗುತ್ತಾನೆ. ಅವಳ ಮೈ ಕಂಡು ಅವನ ಮನಸ್ಸು ಹಿಂಜರಿಯುತ್ತದೆ. ಲೋಕ ತನಗೆ ಮಾಡಿದ್ದನ್ನೇ ತಾನು ಅವಳಿಗೆ ಮಾಡುತ್ತಿರುವುದು ಅವನಿಗೆ ತಡವಾಗಿ ಹೊಳೆಯುತ್ತದೆ. ಸಿನಿಮಾದ ತಿರುಳು ಇದು, ನಮಗೆ ಬಹಳ ಹಿಡಿಸಿದ್ದೂ ಇದೇ. ಅಷ್ಟರಲ್ಲಿ ಅವಳು ಕೇಳಿದಳು: ‘ಮಾಮು, ಇಬ್ಬರೂ ಮಂಗಳೂರಲ್ಲೇ ಹೊರಗೆ ಹೀಗೆ ಕೂತು ಮಾತಾಡ್ತಾರಲ್ಲ, ಇವರಿಗೆ ಯಾರ ಭಯವೂ ಇಲ್ವಾ?’

ನಮ್ಮ ಬಾಯಿ ಕಟ್ಟಿತು. ನಿಜ, ಸಿನಿಮಾದ ಮಂಗಳೂರಿನಲ್ಲಿ ಜನಾರ್ದನನಿಗಿರುವ ಅಡ್ಡಿ ಅವನ ತಲೆಯೊಂದೇ. ಯಾರೂ ಬೈಕು ನಿಲ್ಲಿಸಿ ‘ನಿನ್ನ ಹೆಸರೇನು, ಅವಳ ಹೆಸರೇನು’ ಎಂದು ಕೇಳುವುದಿಲ್ಲ. ಆದರೆ 2009ರ ಜನವರಿ 24ರಂದು ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದು ಇದೇ ಊರಿನಲ್ಲಿ. ಇಡೀ ದೇಶ ಟಿ.ವಿ.ಯಲ್ಲಿ ನೋಡಿದ ಆ ಪ್ರಕರಣದ ಆರೋಪಿಗಳು 2018ರಲ್ಲಿ ಖುಲಾಸೆಯಾದರು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾಯಿತು. 2015ರ ಆಗಸ್ಟಿನಲ್ಲಿ ಅತ್ತಾವರದಲ್ಲಿ ಸಹೋದ್ಯೋಗಿ ಹಿಂದೂ ಯುವತಿಯೊಂದಿಗೆ ಕಾರಿನಲ್ಲಿದ್ದ ಮುಸ್ಲಿಂ ಯುವಕನನ್ನು ಎಳೆದು, ಬಟ್ಟೆ ಬಿಚ್ಚಿಸಿ, ಕಂಬಕ್ಕೆ ಕಟ್ಟಿ ಥಳಿಸಿದರು. ಇದರ ಇನ್ನೊಂದು ಮಗ್ಗುಲನ್ನೂ ನಾವೇ ಹೇಳಿಬಿಡಬೇಕು. ಬುರ್ಖಾ ತೊಟ್ಟ ಹುಡುಗಿ ಬೇರೆ ಧರ್ಮದ ಸ್ನೇಹಿತನೊಂದಿಗೆ ಕಂಡರೆ ಮೊಬೈಲ್ ಹಿಡಿದು ‘ನಿನ್ನ ಅಪ್ಪನ ನಂಬರು ಕೊಡು’ ಎಂದು ಸುತ್ತುವರಿಯುವ ಹುಡುಗರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ಕೌಮಿನ ಮರ್ಯಾದೆ ಕಾಯುತ್ತಿದ್ದೇವೆ ಎಂದೇ ಅವರೂ ಹೇಳುವುದು. ಎರಡು ಗುಂಪಿನವರನ್ನೂ ಒಟ್ಟಿಗೆ ಕೂರಿಸಿದರೆ ಹೆಣ್ಣಿನ ವಿಷಯದಲ್ಲಿ ಅವರಿಗೆ ಜಗಳವೇ ಇರಲಾರದು.

ಎಲ್ಲ ಸಿನಿಮಾವೂ ಇದನ್ನೇ ಹೇಳಬೇಕೆಂದು ನಾವು ಹಠ ಹಿಡಿಯುತ್ತಿಲ್ಲ. ನಗಿಸಲು ಬಂದವನ ಕೈಗೆ ಬಾವುಟ ಕೊಡುವುದು ವಿಮರ್ಶೆಯಲ್ಲ. ಆದರೆ ಇದೇ ಕಥೆಯ ಮಲಯಾಳಂ ರೂಪ ‘ತಮಾಶ’ (2019) ನೋಡಿದ ಮೇಲೆ ನಮ್ಮ ತಕರಾರಿಗೆ ಬಲ ಬಂತು. ಅಶ್ರಫ್ ಹಂಝ ನಿರ್ದೇಶನದ ಅದರಲ್ಲಿ ನಾಯಕ ಮಲಯಾಳಂ ಉಪನ್ಯಾಸಕ. ಅವನೊಂದಿಗಿನ ತನ್ನ ಫೋಟೋವನ್ನು ಚಿನ್ನು ಫೇಸ್‌ಬುಕ್ಕಿಗೆ ಹಾಕುತ್ತಾಳೆ. ಗುರುತು ಪರಿಚಯ ಇಲ್ಲದವರೆಲ್ಲ ಬಂದು ಅವಳ ಮೈಯನ್ನು ಗೇಲಿ ಮಾಡಿ ಬರೆಯುತ್ತಾರೆ. ಅಂದರೆ ಇಬ್ಬರ ನಡುವಿನ ಮುಜುಗರ ಊರಿನ ಮುಜುಗರವಾಗುತ್ತದೆ. ಅವಳು ಅದಕ್ಕೆ ತಲೆಬಾಗದೆ ಎದುರುತ್ತರ ಕೊಡುವಾಗ ಕಥೆ ಅವಳದ್ದೂ ಆಗುತ್ತದೆ. ಕನ್ನಡದ ಸರಳಾ ಎಷ್ಟು ಒಳ್ಳೆಯವಳಾದರೂ ಜನಾರ್ದನನ ಪಾಠಪುಸ್ತಕವಾಗಿಯೇ ಉಳಿಯುತ್ತಾಳೆ. ಅದೇ ವರ್ಷದ ಹಿಂದಿ ‘ಉಜ್ಡಾ ಚಮನ್’ ಕಥೆಯನ್ನು ದೆಹಲಿಗೆ ಒಯ್ದಿತು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಚಿಕ್ಕ ಊರಿನ ಕಣ್ಣುಗಳನ್ನು ತೆಗೆದುಬಿಟ್ಟರೆ ಬೋಳುತಲೆ ಬರೀ ಬೋಳುತಲೆ.

ಇನ್ನೊಂದು ಮಾತು. ಜನಾರ್ದನ ಒಂಟಿಯಾದರೂ ಅವನಿಗೆ ತಂದೆತಾಯಿಯ ಮನೆಯಿದೆ, ಹೊತ್ತಿಗೆ ಊಟವಿದೆ. ಮಂಗಳೂರಿನಲ್ಲಿ ಅವಿವಾಹಿತರಾಗಿ ಬದುಕುವ ಹೆಚ್ಚಿನವರು ಅವನಂತಿಲ್ಲ. ಆಸ್ಪತ್ರೆ, ಕಾಲೇಜು, ಮಾಲು, ಬ್ಯಾಂಕುಗಳಿಗೆ ಹೊರಗಿನಿಂದ ಬಂದ ಹುಡುಗ ಹುಡುಗಿಯರು ಅವರು. ಅಕ್ಕನ ಮಗಳ ಪಿ.ಜಿ.ಯ ಗೇಟಿಗೆ ರಾತ್ರಿ ಎಂಟಕ್ಕೆ ಬೀಗ ಬೀಳುತ್ತದೆ. ನೈಟ್ ಡ್ಯೂಟಿ ಇದ್ದರೆ ಆಸ್ಪತ್ರೆಯ ಚೀಟಿ ತೋರಿಸಬೇಕು. ಭೇಟಿಗೆ ಹೋದ ನಾವು ಸ್ವಂತ ಮಾಮನೆಂದು ರಿಜಿಸ್ಟರಿನಲ್ಲಿ ಸಹಿ ಹಾಕಿ, ಮೆಟ್ಟಿಲ ಬುಡದಲ್ಲೇ ನಿಂತು ಬಿರಿಯಾನಿಯ ಡಬ್ಬಿ ಕೊಟ್ಟು ಬರುತ್ತೇವೆ. ಇಡೀ ರಾತ್ರಿ ಗಂಡಸರ ವಾರ್ಡು ನೋಡಿಕೊಳ್ಳಲು ಅವಳು ನಂಬಿಕಸ್ಥೆ, ರಾತ್ರಿ ಒಂಬತ್ತಕ್ಕೆ ಒಂದು ಐಸ್‌ಕ್ರೀಂ ತಿನ್ನಲು ಅಲ್ಲ. ಹಂಪನಕಟ್ಟೆಯಲ್ಲಿ ಒಬ್ಬಳೇ ಊಟಕ್ಕೆ ಕುಳಿತರೆ ಮಾಣಿ ‘ಪಾರ್ಸೆಲ್ಲಾ?’ ಎಂದು ಕೇಳುತ್ತಾನಂತೆ.

ಇವಳನ್ನು ಬರೆದವರು ಯಾರು? ಸಾರಾ ಅಬೂಬಕ್ಕರ್ ಅವರು ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ನಾದಿರಾಳಿಗೆ ತಂದೆಯ ಮನೆ, ಗಂಡನ ಮನೆ ಬಿಟ್ಟು ಮೂರನೆಯ ಜಾಗವೇ ಇರಲಿಲ್ಲ. ಇಲ್ಲದಿರುವುದೇ ಆ ಕಾದಂಬರಿಯ ಸಂಕಟ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಗೆದ್ದು ಹಾಸನವನ್ನು ಲಂಡನ್ನಿಗೆ ಮುಟ್ಟಿಸಿದವು. ಅಲ್ಲಿಯೂ ಬಿಸಿ ಹೆಚ್ಚಾಗಿ ಸಂಸಾರದ ಒಳಗಿನದು. ಈ ಇಬ್ಬರು ಹಿರಿಯರು ತಮ್ಮ ಕಾಲದ ಬಾಗಿಲನ್ನು ಒದ್ದು ತೆರೆದವರು, ಅವರ ಮೇಲೆ ದೂರು ಹೊರಿಸುವ ಯೋಗ್ಯತೆ ನಮಗಿಲ್ಲ. ದೂರಿದ್ದರೆ ಅವರ ನಂತರ ಬಂದ ನಮ್ಮ ಮೇಲೆಯೇ. ಮೂರು ವರ್ಷಗಳ ಹಿಂದೆ ನರ್ಸ್ ಹುಡುಗಿಯೊಬ್ಬಳ ಕಥೆ ಶುರುಮಾಡಿದ್ದೆವು. ಅವಳು ರಜೆಯ ದಿನ ಒಬ್ಬಳೇ ಪಣಂಬೂರು ಕಡಲತೀರಕ್ಕೆ ಹೋಗುತ್ತಾಳೆ. ಅಲ್ಲಿಂದ ಮುಂದೆ ನಮ್ಮ ಪೆನ್ನು ಅವಳಿಗೆ ಒಂದೋ ಒಬ್ಬ ಗಂಡನನ್ನು ತಂದಿತು, ಇಲ್ಲವೇ ಒಂದು ಅನಾಹುತವನ್ನು. ಸುಮ್ಮನೆ ಚುರುಮುರಿ ತಿಂದು, ಅಲೆ ನೋಡಿ, ಬಸ್ಸು ಹಿಡಿದು ವಾಪಸು ಬರುವ ಹುಡುಗಿಯನ್ನು ಬರೆಯಲು ನಮಗೆ ಧೈರ್ಯ ಸಾಲಲಿಲ್ಲ. ‘ನಮ್ಮ ಓದುಗರು ಏನೆಂದಾರು’ ಎಂಬ ಯೋಚನೆಯನ್ನು ನಾವು ಆಗ ಶಿಲ್ಪದ ಸಮಸ್ಯೆ ಎಂದು ಕರೆದುಕೊಂಡೆವು.

ಸಿನಿಮಾ ಮುಗಿದಾಗ ಗಂಟೆ ಏಳೂಕಾಲು. ಅಕ್ಕನ ಮಗಳು ಗಡಿಬಿಡಿಯಿಂದ ಚಪ್ಪಲಿ ಹಾಕಿಕೊಂಡಳು, ಎಂಟರೊಳಗೆ ಗೇಟು ಮುಟ್ಟಬೇಕಿತ್ತು. ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆವು. ಆ ಅರ್ಧ ಕಥೆಯ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ: ‘ಪಣಂಬೂರಿಂದ ಅವಳು ಎಷ್ಟು ಗಂಟೆಯ ಬಸ್ ಹಿಡೀತಾಳೆ, ಮಾಮು?’