ಎತ್ತಲಾಗದ ಚೀಲ

ಚೆರಿಲ್ ಸ್ಟ್ರೇಡ್ ಅವರ ‘ವೈಲ್ಡ್’ (2012) ಓದಿ ಮುಗಿಸಿದ ಮೇಲೆ ಬೆಟ್ಟಗಳ ಹೆಸರುಗಳೆಲ್ಲ ಮರೆತುಹೋಗಬಹುದು, ಮೊಹಾವೆಯ ಮೋಟೆಲ್ ಕೋಣೆ ಮಾತ್ರ ಮರೆಯುವುದಿಲ್ಲ. ಇಪ್ಪತ್ತಾರರ ಹುಡುಗಿಯೊಬ್ಬಳು ತಾನೇ ತುಂಬಿದ ಚೀಲವನ್ನು ಎತ್ತಲಾಗದೆ ನೆಲದ ಮೇಲೆ ಕೂರುತ್ತಾಳೆ, ಪಟ್ಟಿಗಳಿಗೆ ತೋಳು ತೂರಿಸುತ್ತಾಳೆ, ಆಮೇಲೆ ಅದರ ಸಮೇತ ಏಳಲು ಹೆಣಗುತ್ತಾಳೆ. 1995ರ ಬೇಸಿಗೆ. ಎದುರಿಗಿರುವುದು ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,200 ಕಿಲೋಮೀಟರ್ ಹಬ್ಬಿದ ಪೆಸಿಫಿಕ್ ಕ್ರೆಸ್ಟ್ ಹಾದಿ. ಅದರಲ್ಲಿ ಸುಮಾರು 1,100 ಮೈಲಿಯನ್ನು ಅವಳು ಒಬ್ಬಳೇ ನಡೆಯಬೇಕೆಂದಿದ್ದಾಳೆ, ಆದರೆ ಕೋಣೆಯ ಬಾಗಿಲು ದಾಟುವುದೇ ಕಷ್ಟವಾಗಿದೆ. (ಬರೆದವರನ್ನು ‘ಅವರು’ ಎಂದೂ ನಡೆದವಳನ್ನು ‘ಅವಳು’ ಎಂದೂ ಕರೆಯುತ್ತಿದ್ದೇನೆ. ನಡಿಗೆಗೂ ಪುಸ್ತಕಕ್ಕೂ ನಡುವೆ 17 ವರ್ಷ ಕಳೆದಿವೆ, ಇಬ್ಬರೂ ಒಬ್ಬರೇ ಅಲ್ಲ.)

ಪುಸ್ತಕ ಈ ಕೋಣೆಯಿಂದ ಶುರುವಾಗುವುದಿಲ್ಲ. ಮೊದಲು ಬರುವುದು ನಡುದಾರಿಯಲ್ಲಿ ಕಣಿವೆಗೆ ಬಿದ್ದುಹೋದ ಒಂದು ಬೂಟು, ಮತ್ತು ಉಳಿದ ಇನ್ನೊಂದನ್ನೂ ಅವಳೇ ಎಸೆದುಬಿಡುವ ಗಳಿಗೆ. ಅದಾದ ಮೇಲೆ ತಾಯಿಯ ಸಾವು: 1991ರಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ, ನಲವತ್ತೈದನೇ ವಯಸ್ಸಿನಲ್ಲಿ. ಆಮೇಲೆ ಮುರಿದ ಮದುವೆ, ಹೆರಾಯಿನ್. ಹೊರಡುವುದನ್ನು ಸ್ಟ್ರೇಡ್ ಇಷ್ಟು ಹೊತ್ತು ಮುಂದೂಡುವುದರಿಂದ, ಚೀಲದ ದೃಶ್ಯ ಬರುವಾಗ ಅದರೊಳಗೆ ಏನೇನು ತುಂಬಿದೆಯೆಂಬುದು ಓದುಗರಿಗೆ ಗೊತ್ತಿರುತ್ತದೆ. ರೂಪಕವನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಮುಂದೆ ಕೆಲವು ಕಡೆ ಅವರು ಬಿಡಿಸಿ ಹೇಳುತ್ತಾರೆ, ಆ ಪುಟಗಳು ನನಗೆ ಸೊರಗಿದಂತೆ ಕಂಡಿವೆ.

ಈ ಪುಸ್ತಕದ ಚರ್ಚೆಯಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಆಕ್ಷೇಪವೊಂದಿದೆ: ಇಷ್ಟು ಸಿದ್ಧತೆಯಿಲ್ಲದೆ ಹೊರಟದ್ದು ಬೇಜವಾಬ್ದಾರಿ ಅಲ್ಲವೇ? ಬೂಟು ಚಿಕ್ಕದು, ಸ್ಟೌವಿಗೆ ತುಂಬಿಸಿದ್ದು ತಪ್ಪು ಇಂಧನ, ಚೀಲದಲ್ಲಿ ಬೇಕಾದದ್ದು ಬೇಡದ್ದು ಎಲ್ಲ. ನಿಜವೇ. ಆದರೆ ಇದೇ ಓದುಗರು ಬಿಲ್ ಬ್ರೈಸನ್ ಅವರ ‘ಎ ವಾಕ್ ಇನ್ ದ ವುಡ್ಸ್’ (1998) ಓದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಬ್ರೈಸನ್ ಅಂಗಡಿಯಲ್ಲಿ ಸಾಮಾನುಗಳ ಬೆಲೆ ಕೇಳಿ ಬೆಚ್ಚುತ್ತಾರೆ, ಕರಡಿ ದಾಳಿಗಳ ಬಗ್ಗೆ ಓದಿ ರಾತ್ರಿ ಹೆದರುತ್ತಾರೆ. ಅಪಲಾಚಿಯನ್ ಹಾದಿಯ ಮೊದಲ ದಿನವೇ ಜೊತೆಗಾರ ಕ್ಯಾಟ್ಜ್ ಭಾರ ತಾಳದೆ ಊಟದ ಸಾಮಾನನ್ನು ಎಸೆಯುತ್ತಾ ಬರುತ್ತಾನೆ. ಇಬ್ಬರೂ ಹಾದಿಯ ಅರ್ಧವನ್ನೂ ಮುಗಿಸಲಿಲ್ಲ. ಅಲ್ಲಿ ಅಜ್ಞಾನ ವಿನೋದ, ಇಲ್ಲಿ ಅಪರಾಧ! ಗಂಡಸು ತಿಳಿಯದೆ ಕಾಡಿಗೆ ಹೊರಟರೆ ಅವನ ಪೆದ್ದುತನ ಕಥೆಯಾಗುತ್ತದೆ, ಹೆಂಗಸು ಹೊರಟರೆ ಅವಳಿಂದ ಲೆಕ್ಕ ಕೇಳುತ್ತೇವೆ. ಸ್ಟ್ರೇಡ್ ಅವರ ಬರವಣಿಗೆಯ ಗಟ್ಟಿತನ ಇರುವುದು ಈ ಲೆಕ್ಕವನ್ನು ಕೊಡಲು ಒಪ್ಪದಿರುವುದರಲ್ಲಿ. ತನ್ನ ಅಜ್ಞಾನವನ್ನು ಅವರು ತಮಾಷೆ ಮಾಡಿ ತೇಲಿಸುವುದಿಲ್ಲ, ಕ್ಷಮೆಯನ್ನೂ ಕೋರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಪಟ್ಟಿ ಮಾಡುತ್ತಾರೆ.

ಎಮ್ಮಾ ಗೇಟ್‌ವುಡ್ ಇಲ್ಲಿ ನೆನಪಾಗುತ್ತಾರೆ. 1955ರಲ್ಲಿ, 67ರ ವಯಸ್ಸಿನಲ್ಲಿ, ಅಪಲಾಚಿಯನ್ ಹಾದಿಯನ್ನು ಒಂಟಿಯಾಗಿ ನಡೆದು ಮುಗಿಸಿದಾಕೆ. ಹನ್ನೊಂದು ಮಕ್ಕಳ ತಾಯಿ, ವರ್ಷಗಟ್ಟಲೆ ಗಂಡನ ಹೊಡೆತ ತಿಂದವರು. ಮಕ್ಕಳಿಗೆ ಹೇಳಿದ್ದು ‘ವಾಕಿಂಗ್ ಹೋಗಿಬರುತ್ತೇನೆ’ ಎನ್ನುವಷ್ಟೇ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಲ್ಲಿ ಹೊಲಿದ ಚೀಲ, ಮಳೆಗೆ ಬಚ್ಚಲಮನೆಯ ಪರದೆ. ಸ್ಟ್ರೇಡ್ ಚೀಲದ ಪಕ್ಕದಲ್ಲಿ ಈ ಚೀಲವನ್ನಿಟ್ಟು ನೋಡಿದರೆ, ಹೊರಡುವುದಕ್ಕೆ ಕಾರಣ ಒಪ್ಪಿಸಲೇಬೇಕೆಂಬ ನಮ್ಮ ಹಟವೇ ವಿಚಿತ್ರವೆನಿಸುತ್ತದೆ.

ಕನ್ನಡದಲ್ಲಿ ಒಂಟಿ ಹೆಣ್ಣಿನ ನಡಿಗೆಯ ಮಾತು ಬಂದೊಡನೆ ಉಡುತಡಿಯಿಂದ ಶ್ರೀಶೈಲದ ಕದಳಿಗೆ ಹೋದ ಅಕ್ಕಮಹಾದೇವಿಯನ್ನು ಎಳೆದು ತರುವ ರೂಢಿಯಿದೆ. ವಿಚಾರಸಂಕಿರಣಗಳಲ್ಲಿ ಈ ಹೋಲಿಕೆಗೆ ಚಪ್ಪಾಳೆಯೂ ಬೀಳುತ್ತದೆ. ನನಗೆ ಒಪ್ಪಿಗೆಯಿಲ್ಲ. ಪರಂಪರೆ ಹೇಳುವಂತೆ ಅಕ್ಕ ಉಟ್ಟದ್ದನ್ನೂ ಬಿಟ್ಟು ಹೊರಟವಳು, ಅವಳಿಗೆ ಸೇರಬೇಕಾದ ಜಾಗವೂ ಸೇರಬೇಕಾದವನೂ ಗೊತ್ತು. ಸ್ಟ್ರೇಡ್ ಹೊರಡುವುದು ಅಂಗಡಿಯ ಬಿಲ್ಲುಗಳೊಂದಿಗೆ, ಮತ್ತು ತಲುಪುವ ಜಾಗ ಒಂದು ಸೇತುವೆ. ಭಕ್ತಿಯ ಭಾಷೆಯನ್ನು ಅವಳಿಗೆ ತೊಡಿಸಿದರೆ ಅವಳ ಕಷ್ಟವೂ ಹಗುರಾಗುತ್ತದೆ, ಅಕ್ಕನೂ ಪ್ರವಾಸಿಯಾಗುತ್ತಾಳೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಮಲೆಗಳಲ್ಲಿ ಮದುಮಗಳು’ (1967). ಕುವೆಂಪು ಆ ಕಾದಂಬರಿಯಲ್ಲಿ ನಾಯಿ ಹುಲಿಯನೊಂದಿಗೆ ಗುತ್ತಿಯನ್ನು ಮಲೆನಾಡಿನ ಕಾಡುದಾರಿಯಲ್ಲಿ ನಡೆಸುತ್ತಾರೆ. ಜೀತದಾಳಾದ ಅವನಿಗೆ ಕಾಡು ‘ಅನುಭವ’ವಲ್ಲ, ಕೆಲಸಕ್ಕೆ ಹೋಗಿಬರುವ ದಾರಿ. ಗುತ್ತಿಯನ್ನು ಓದಿದವರಿಗೆ ‘ವೈಲ್ಡ್’ನ ನಿರ್ಜನ ಕಾಡು ಸ್ವಲ್ಪ ಅನುಮಾನ ಹುಟ್ಟಿಸಬೇಕು. ಹಿಮ ಹೆಚ್ಚಿದ್ದರಿಂದ ಸ್ಟ್ರೇಡ್ ಬಳಸಿ ಹೋದ ಎತ್ತರದ ಸಿಯೆರಾದಲ್ಲಿ, ಪೆಸಿಫಿಕ್ ಕ್ರೆಸ್ಟ್ ಹಾದಿ ಬಹಳ ದೂರ ಜಾನ್ ಮ್ಯೂರ್ ಹಾದಿಯ ಮೇಲೆಯೇ ಸಾಗುತ್ತದೆ. ಪಾಯೂಟ್ ಜನ ಅದನ್ನು ‘ನೂಮು ಪೋಯೊ’, ಅಂದರೆ ತಮ್ಮ ಜನರ ದಾರಿ, ಎಂದು ಕರೆಯುತ್ತಾರೆ. ಅಲ್ಲಿ ಜನ ಓಡಾಡುತ್ತಿದ್ದರು, ವ್ಯಾಪಾರ ನಡೆಯುತ್ತಿತ್ತು. ದುಃಖವನ್ನು ಇಳಿಸಲು ಖಾಲಿ ಜಾಗ ಬೇಕಾದಾಗ, ಆ ಜಾಗ ಹೇಗೆ ಖಾಲಿಯಾಯಿತು ಎಂದು ಪುಸ್ತಕ ಗಂಭೀರವಾಗಿ ಕೇಳುವುದಿಲ್ಲ.

ಇಷ್ಟಾದರೂ ಈ ಪುಸ್ತಕವನ್ನು ನಾನು ಬಿಟ್ಟುಕೊಡಲಾರೆ, ಮುಖ್ಯವಾಗಿ ಅದರ ಭಾರದ ಲೆಕ್ಕಾಚಾರಕ್ಕಾಗಿ. ಚೀಲಕ್ಕೆ ‘ಮಾನ್‌ಸ್ಟರ್’ ಎಂದು ಹೆಸರು ಬೀಳುತ್ತದೆ. ಅದನ್ನು ಹಗುರ ಮಾಡಲು ಅವಳು ಓದಿದ ಪುಟಗಳನ್ನು ಹರಿದು ಸುಡುತ್ತಾಳೆ, ಫಾಕ್ನರ್ ಕಾದಂಬರಿಯನ್ನೂ ಬಿಡುವುದಿಲ್ಲ. ಏಡ್ರಿಯನ್ ರಿಚ್ ಅವರ ಕವನ ಸಂಕಲನವನ್ನು ಮಾತ್ರ ಸುಡದೆ ಕೊನೆಯವರೆಗೂ ಹೊರುತ್ತಾಳೆ.