ಕಂಡ ಮುಖದ ಕಸುವು

ಹಳೆಯ ಕನ್ನಡ ಸಿನಿಮಾಗಳನ್ನು ಹೊಸದಾಗಿ ನೋಡಹೊರಟವರಿಗೆ ಸಿಗುವ ಮೊದಲ ಬುದ್ಧಿವಾದ, ನಟನನ್ನು ಮರೆತು ಪಾತ್ರವನ್ನು ನೋಡಿ ಎಂಬುದು. ಕೇಳಲು ಚೆಂದ, ಪಾಲಿಸಿದರೆ ಅರ್ಧ ಸಿನಿಮಾ ಕೈತಪ್ಪುತ್ತದೆ. ವಜ್ರಮುನಿ ಹೊಸ್ತಿಲಲ್ಲಿ ನಿಂತು ಎಷ್ಟೇ ವಿನಯದಿಂದ ಕೈಮುಗಿದರೂ ಆ ಮನೆಗೆ ಕೇಡುಗಾಲ ಬಂತೆಂದು ಗಾಂಧಿಕ್ಲಾಸಿನವನಿಗೂ ತಿಳಿಯುತ್ತಿತ್ತು. ಪಂಡರಿಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ ಸಾಕು, ಆ ತಾಯಿಯ ಕಷ್ಟವನ್ನು ಮಾತಿನಲ್ಲಿ ಹೇಳಬೇಕಿರಲಿಲ್ಲ. ಪರಿಚಿತ ಮುಖ ನಿರ್ದೇಶಕನ ಪಾಲಿಗೆ ಬೆಳಕು, ಸಂಗೀತಗಳಂಥದೇ ಒಂದು ಸಾಮಗ್ರಿ. ಅದನ್ನು ಆತ ಹೇಗೆ ಖರ್ಚು ಮಾಡುತ್ತಾನೆಂದು ಗಮನಿಸುವುದೇ ರಸಿಕನ ಕೆಲಸ.

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ನೋಡಿ. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್ ಬರುವಾಗ ಅವರೊಬ್ಬರೇ ಬರುವುದಿಲ್ಲ. ಅದುವರೆಗೆ ಅವರು ಮಾಡಿದ್ದ ಅಪ್ಪಂದಿರು, ಅಣ್ಣಂದಿರು, ಸಾತ್ವಿಕ ಹಿರಿಯರೆಲ್ಲ ಹಿಂದೆಯೇ ಬರುತ್ತಾರೆ. ಆ ಮುಖ ಹೇಳಿದ ಮಾತು ಸರಿಯಾಗಿಯೇ ಇರಬೇಕೆಂದು ನಾವು ಆಗಲೇ ಒಪ್ಪಿಬಿಟ್ಟಿರುತ್ತೇವೆ. ಎದುರಿಗಿರುವ ಶಿಷ್ಯ ರಾಮಾಚಾರಿಯ ಪಾತ್ರಧಾರಿಯಾದರೋ ನಾಯಕನಾಗಿ ಹೊಸಬ. ವಿಷ್ಣುವರ್ಧನ್ ಯಾವಾಗ ಹೆಡೆಯೆತ್ತಿಯಾರು, ಯಾವಾಗ ತಲೆತಗ್ಗಿಸಿಯಾರು ಎಂದು ಹೇಳಲು ನಮ್ಮ ಬಳಿ ಹಳೆಯ ಲೆಕ್ಕವಿಲ್ಲ. ಪ್ರೀತಿಸಿದ ಹುಡುಗಿ ಅಲಮೇಲುವನ್ನು ಬಿಟ್ಟುಕೊಡು ಎಂದು ಮೇಷ್ಟ್ರು ಕೇಳಿದಾಗ ಶಿಷ್ಯನ ಜೊತೆ ನಾವೂ ತಲೆಯಾಡಿಸುತ್ತೇವೆ. ಮುಂದೆ ಅದೇ ಅಲಮೇಲು ಯಾವ ಗತಿಗೆ ಬಿದ್ದಳೆಂದು ಕಂಡಾಗ ಮೇಷ್ಟ್ರ ಮೇಲೆ ಬರುವ ಸಿಟ್ಟಿನಲ್ಲಿ ನಮ್ಮ ಪಾಲೂ ಇರುತ್ತದೆ, ಏಕೆಂದರೆ ನಂಬಿದವರು ನಾವು. ಅಪರಿಚಿತ ನಟನೊಬ್ಬ ಆ ಪಾತ್ರ ಮಾಡಿದ್ದರೆ ಅದು ಬರೀ ಒಬ್ಬ ಮೇಷ್ಟ್ರ ತಪ್ಪು ಲೆಕ್ಕಾಚಾರವಾಗಿ ಮುಗಿಯುತ್ತಿತ್ತು. (ಅದೇ ವರ್ಷದ ‘ಬಂಗಾರದ ಮನುಷ್ಯ’ದಲ್ಲಿ ಇದರ ತಿರುವುಮುರುವು ಇದೆ: ಎಷ್ಟೋ ಚಿತ್ರಗಳಲ್ಲಿ ಸಂಚು ಹೂಡಿದ್ದ ಬಾಲಕೃಷ್ಣ ಇಲ್ಲಿ ರಾಚೂಟಪ್ಪನಾಗಿ ನಾಯಕನ ಬೆನ್ನಿಗೆ ನಿಲ್ಲುತ್ತಾರೆ.)

ಮುಖ ಗುರುತು ಸಿಕ್ಕರೆ ಕಥೆಯ ಗುಟ್ಟೇ ರಟ್ಟಾಗುವುದಿಲ್ಲವೇ ಎಂದು ಕೇಳಬಹುದು. ಕೊಲೆಗಾರ ಯಾರೆಂದು ಹುಡುಕುವ ಚಿತ್ರಗಳ ಮಟ್ಟಿಗೆ ಈ ದೂರು ನಿಜ. ದೊಡ್ಡ ನಟನೊಬ್ಬ ಸಣ್ಣ ಪಾತ್ರದಲ್ಲಿ ಸುಮ್ಮನೆ ಕೂತಿದ್ದರೆ ಅನುಮಾನ ಅವನತ್ತಲೇ ಹೋಗುತ್ತದೆ. ಆದರೆ ‘ಪ್ರೇಮದ ಕಾಣಿಕೆ’ಯಂಥ (1976) ಚಿತ್ರ ಈ ದೌರ್ಬಲ್ಯವನ್ನೇ ಬಂಡವಾಳ ಮಾಡಿಕೊಂಡಿತು. ರೈಲಿನಲ್ಲಿ ಒಬ್ಬ ಇನ್ನೊಬ್ಬನನ್ನು ಕೊಲ್ಲುವುದನ್ನು ನಟಿ ಆರತಿಯ ಪಾತ್ರ ನೋಡುತ್ತದೆ. ಆಮೇಲೆ ಅವಳು ಕೆಲಸಕ್ಕೆಂದು ಸೇರಿದ ಎಸ್ಟೇಟಿನ ಯಜಮಾನ ಆ ಕೊಂದವನೇ. ಆ ಯಜಮಾನ ರಾಜ್‌ಕುಮಾರ್. ಅವಳಿಗೆ ಕಾಣುವುದು ಕೊಲೆಗಾರ. ನಮಗೆ ಕಾಣುವುದು ಅಣ್ಣಾವ್ರು. ಅವರು ಸುಮ್ಮಸುಮ್ಮನೆ ಕೈ ಮಾಡುವವರಲ್ಲ ಎಂದು ನಮಗೆ ಖಾತ್ರಿ, ಅವಳಿಗೆ ಆ ಖಾತ್ರಿಯಿಲ್ಲ. ‘ಇವನು ಕೆಟ್ಟವನೇ?’ ಎಂಬುದು ಅವಳ ಪ್ರಶ್ನೆ, ‘ಯಾಕೆ ಕೊಂದರು?’ ಎಂಬುದು ನಮ್ಮದು. ಎರಡರ ನಡುವಿನ ಆ ಅಂತರದಲ್ಲೇ ಚಿತ್ರದ ಬಿಗಿ ಇದೆ. ಸಲೀಂ–ಜಾವೇದ್ ಕಥೆ ಹೆಣೆದದ್ದು ಗಟ್ಟಿಯಾಗಿಯೇ, ಆದರೆ ಹೊಸಬನೊಬ್ಬನನ್ನು ಆ ಪಾತ್ರಕ್ಕೆ ಹಾಕಿದ್ದರೆ ಅದು ಬೇರೆಯೇ ಸಿನಿಮಾ ಆಗುತ್ತಿತ್ತು.

ಹಾಗಾದರೆ ಈ ನಟರ ಹಿಂದುಮುಂದು ತಿಳಿಯದವರು ಏನು ಮಾಡಬೇಕು? ಅವರು ಕಾಣುವ ಚಿತ್ರ ಕೊಂಚ ತೆಳು, ಇದನ್ನು ಮುಚ್ಚಿಡುವುದು ಬೇಡ. ಪರಿಹಾರ ಮಾತ್ರ ಸುಲಭ: ‘ನಾಗರಹಾವಿ’ಗೆ ಮುಂಚೆ ಅಶ್ವತ್ಥ್ ಇರುವ ಒಂದೆರಡು ಚಿತ್ರ ನೋಡಿ ಬನ್ನಿ. ಆಮೇಲೆ ಪ್ರತಿ ನಟನ ಮೊದಲ ಪ್ರವೇಶದಲ್ಲಿ, ಅವನು ಬಾಯಿ ತೆರೆಯುವ ಮೊದಲೇ ನೀವು ಏನು ಊಹಿಸಿಕೊಂಡಿರೆಂದು ಗುರುತು ಹಾಕಿಕೊಳ್ಳಿ. ಇನ್ನು, ಕಲಾತ್ಮಕ ಚಿತ್ರಗಳಿಗೆ ಹೊಸ ಮುಖಗಳೇ ಒಳ್ಳೆಯವೆನ್ನುವವರು ‘ತಿಥಿ’ಯತ್ತ ಕೈ ತೋರಿಸುತ್ತಾರೆ. ಮಂಡ್ಯ ಸೀಮೆಯ ಹಳ್ಳಿಯ ಜನರೇ ಅಲ್ಲಿ ಪಾತ್ರಧಾರಿಗಳು. ಅವರಲ್ಲೊಬ್ಬರಾದ ಗಡ್ಡಪ್ಪ ಹೊಲದ ಬದಿಯಲ್ಲಿ ನಡೆಯುತ್ತಿದ್ದರೆ ಅವರು ಇನ್ನೊಂದು ಗಳಿಗೆಗೆ ಏನು ಮಾಡುತ್ತಾರೋ ಯಾರಿಗೆ ಗೊತ್ತು? ವಾದ ಸರಿ. ಆದರೆ ಆ ಹೊಸತನ ಒಂದು ಚಿತ್ರಕ್ಕಷ್ಟೇ ಒದಗಿತು. ಮುಂದೆ ಗಡ್ಡಪ್ಪ ನಟಿಸಿದ ಬೇರೆ ಚಿತ್ರಗಳಲ್ಲಿ ಆ ಗಡ್ಡ ಕಂಡೊಡನೆ ಜನ ನಗಲು ತಯಾರಾಗಿ ಕೂತಿರುತ್ತಿದ್ದರು.